ವಾರ್ನಿಷ್ ವಾಸನೆ ಎಬ್ಬಿಸಿದ ಗುರುವಾರ

ನನ್ನ ಗಂಡ ಎರ್ಗೆಶ್ ತೀರಿಕೊಂಡ ಮೇಲೆ ನಾನು ಒಂದು ಗುರುವಾರವೂ ವಾಸನೆ ಎಬ್ಬಿಸಿಲ್ಲ ಎಂಬುದು ಕಿಜಿಲ್‌ಕಿಯಾದ ನಮ್ಮ ಬೀದಿಗೆಲ್ಲ ಗೊತ್ತು. ಗೊತ್ತು ಮಾಡಿಸಿದವಳು ಪಕ್ಕದ ಮನೆಯ ಸಾಯ್ರಕಾನ್. ಗುರುವಾರ ಎಣ್ಣೆ ಕಾಯಿಸಿ ಬೊರ್ಸೊಕ್ ಕರಿಯಬೇಕು, ಆ ಹಿಟ್ಟಿನ ತುಂಡುಗಳ ಕಂಪು ಸತ್ತವರಿಗೆ ಮುಟ್ಟಬೇಕು, ಆಗಲೇ ಮನೆಯವರು ತಮ್ಮನ್ನು ನೆನೆಯುತ್ತಿದ್ದಾರೆಂದು ಅವರಿಗೆ ತಿಳಿಯುವುದು. ಇದನ್ನು ಅವಳು ನನಗೆ ಹೇಳಿಕೊಡಬೇಕೇ?

"ಬುರುಲಕ್ಕ, ಒಂದು ಹಿಡಿ ಹಿಟ್ಟಿಗೂ ಗತಿ ಇಲ್ವಾ ನಿಮ್ಮನೇಲಿ? ಪಾಪ, ಅಣ್ಣ ಅಲ್ಲಿ ಬೇರೆಯವರ ಮನೆ ವಾಸನೆ ಕುಡ್ಕೊಂಡು ಕೂತಿರ್ತಾರೆ," ಎಂದಳು ಬೇಲಿಯಾಚೆಯಿಂದ.

"ನಿಮ್ಮಣ್ಣನಿಗೆ ಬದುಕಿದ್ದಾಗ್ಲೇ ಬೊರ್ಸೊಕ್ ವಾಸನೆ ಹತ್ತುತ್ತಿರ್ಲಿಲ್ಲ ಕಣೇ. ಸತ್ತ ಮೇಲೆ ಹೊಸ ಮೂಗು ಬಂದಿರುತ್ತಾ?"

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ."

ನಾನು ಹೇಳಿದ್ದು ಸುಳ್ಳಲ್ಲ. ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವುದು ನಮ್ಮಿಬ್ಬರ ಕಸುಬು. ಹರೆಯದಿಂದ ವಾರ್ನಿಷ್ ಆವಿ ಕುಡಿದು ಕುಡಿದು ಎರ್ಗೆಶ್‌ನ ಮೂಗು ಸತ್ತುಹೋಗಿತ್ತು. ರೊಟ್ಟಿ ಸೀದು ಕರಕಲಾದರೂ ತಲೆ ಎತ್ತುತ್ತಿರಲಿಲ್ಲ. ಆದರೆ ವಾರ್ನಿಷ್‌ನಲ್ಲಿ ಅದ್ದಿದ ಮೋಟಾರು, ಅದನ್ನು ಒಣಗಿಸುವ ಕರೆಂಟಿನ ಪೆಟ್ಟಿಗೆಯಲ್ಲಿ ಕಾಯತೊಡಗಿದರೆ, ಅಂಗಳದ ಆ ತುದಿಯಲ್ಲಿದ್ದರೂ ಮೂಗರಳಿಸಿಕೊಂಡು ಬರುತ್ತಿದ್ದ. ಅವನಿಗೆ ಮುಟ್ಟುವ ವಾಸನೆ ಅದೊಂದೇ. ಅದನ್ನು ಎಬ್ಬಿಸಲು ಮೋಟಾರು ಬೇಕು, ಮೋಟಾರು ಬರುತ್ತಿರಲಿಲ್ಲ. ಈಗೆಲ್ಲ ಅಗ್ಗದ ಹೊಸದನ್ನು ತರುತ್ತಾರೆ, ಸುಟ್ಟರೆ ಗುಜರಿಗೆ ಎಸೆಯುತ್ತಾರೆ. ಬರೀ ಒಂದು ಡಬ್ಬಿ ವಾರ್ನಿಷ್ ಕಾಯಿಸಿಬಿಡೋಣವೇ ಎಂದು ಒಮ್ಮೆ ಯೋಚಿಸಿದೆ. ನಾಚಿಕೆಯಾಯಿತು. ಏನೂ ಕರಿಯದೆ ಎಣ್ಣೆ ಮಾತ್ರ ಕಾಯಿಸಿ ಯಾರಾದರೂ ಸತ್ತವರನ್ನು ಕರೆಯುತ್ತಾರೆಯೇ? ಅವನ ಹೆಸರಲ್ಲಿ ಒಂದು ನಿಜವಾದ ಮೋಟಾರು ಕಾಯಬೇಕು. ಅದಾಗುವವರೆಗೆ ಅವನು ಅಲ್ಲಿ ನನ್ನ ಮೇಲೆ ಮುನಿಸಿಕೊಂಡೇ ಕೂತಿರುತ್ತಾನೆ ಎಂದು ನನ್ನ ಕರುಳು ಹೇಳುತ್ತಿತ್ತು.

ಕಾಲುವೆಗೆ ನೀರು ಬಿಟ್ಟ ವಾರವೇ ನೀರುಗಂಟಿ ತಾಷ್ಮತ್ ಲಾರಿಯಲ್ಲಿ ಒಂದು ದೊಡ್ಡ ಮೋಟಾರು ತಂದ.

"ಮೇಲಿನ ಜರ್ದಾಲು ತೋಟದ ಪಂಪಿಂದು, ಅಕ್ಕ. ಸುಟ್ಟು ಕೂತಿದೆ. ಈ ಗಾತ್ರದ್ದು ಓಶ್ ಪೇಟೇಲೂ ಸಿಗ್ಲಿಲ್ಲ."

"ಊರಿಗೆ ಬಂದೋಳು ನೀರಿಗೆ ಬಾರದೆ ಇರ್ತಾಳಾ? ಇಳಿಸು."

"ಒಬ್ಬರೇ ಮಾಡ್ತೀರಾ?"

"ಇನ್ನೊಬ್ಬರನ್ನ ಎಲ್ಲಿಂದ ತರ್ಲಿ? ನೀನು ಕೂತ್ಕೋತೀಯಾ?"

ಅವನು ಟೋಪಿ ಸರಿಮಾಡಿಕೊಂಡ. "ಶುಕ್ರವಾರ ನಮ್ಮ ಸರದಿ ನೀರು, ಅಕ್ಕ," ಎಂದಷ್ಟೇ ಹೇಳಿ ಹೋದ. ಹಾಗಾದರೆ ಗುರುವಾರ ಕಾಯಿಸಬೇಕು. ಬಹಳ ದಿನಗಳ ಮೇಲೆ ನನಗೆ ಖುಷಿಯಾಯಿತು.

ಸುಟ್ಟ ತಂತಿ ಕಿತ್ತು, ಕಬ್ಬಿಣದ ಸಂದುಗಳಿಗೆ ಕಾಗದ ಹೊದಿಸಿ, ಹೊಸ ತಾಮ್ರ ಕೂರಿಸಿ, ಅಲುಗಾಡದಂತೆ ಮರದ ಚಕ್ಕೆ ಬಡಿದೆ. ಅದುವರೆಗೂ ಒಬ್ಬಳೇ ಎನ್ನಿಸಲಿಲ್ಲ. ಆಮೇಲೆ ಸುತ್ತುಗಳನ್ನು ಬಿಗಿಯುವ ಕೆಲಸ ಬಂತು. ಎರಡೂ ಬದಿಗೆ ಹೊರಚಾಚಿದ ಸುತ್ತುಗಳನ್ನು ದಾರದಿಂದ ಒಂದಕ್ಕೊಂದು ಬಿಗಿದು ಕಟ್ಟದಿದ್ದರೆ, ಓಡುವಾಗ ನಡುಗಿ, ಉಜ್ಜಿ, ಮತ್ತೆ ಸುಡುತ್ತವೆ. ನಮ್ಮಲ್ಲಿ ಇದನ್ನು ಇಬ್ಬರು ಮಾಡುವುದು. ಮೋಟಾರನ್ನು ಅಡ್ಡ ಮಲಗಿಸಿ ಆ ಬದಿಗೆ ಅವನು, ಈ ಬದಿಗೆ ನಾನು. ನಡುವಿನ ಟೊಳ್ಳಿನಲ್ಲಿ ಅವನ ಮುಖ ಕಾಣುತ್ತಿತ್ತು. ಮದುವೆಯಾದಾಗಿನಿಂದ ನಮ್ಮ ಜಗಳವೆಲ್ಲ ಆ ಟೊಳ್ಳಿನಲ್ಲೇ ಆಗಿದ್ದು, ರಾಜಿಯೂ ಅಲ್ಲೇ. ಮಕ್ಕಳಾಗಲಿಲ್ಲ ಎಂದು ಅತ್ತಿದ್ದೂ ಅಲ್ಲೇ, ಕೈ ನಿಲ್ಲಿಸದೆ.

ಈಗ ಈ ಬದಿ ಕಟ್ಟಿ ಮುಗಿಸಿ, ಎದ್ದು, ಅವನ ಸ್ಟೂಲಿನ ಮೇಲೆ ಕೂತೆ. ಟೊಳ್ಳಿನಾಚೆ ನನ್ನ ಖಾಲಿ ಸ್ಟೂಲು, ಅದರ ಹಿಂದೆ ಗೋಡೆ. ಹಾಳಾಗಿ ಹೋಗಲಿ ಎಂದು ತಲೆ ತಗ್ಗಿಸಿ ದಾರ ಎಳೆದೆ. ಬೆರಳು ಕೊಯ್ಯಿತು.

ಗುರುವಾರ ಮಧ್ಯಾಹ್ನ ಮೋಟಾರನ್ನು ವಾರ್ನಿಷ್‌ನಲ್ಲಿ ಅದ್ದಿ, ಸೋರಿಸಿ, ಪೆಟ್ಟಿಗೆಗೆ ಸೇರಿಸಿ ಕರೆಂಟು ಕೊಟ್ಟೆ. ಕೈಕಾಲು ತೊಳೆದು, ಒಳ್ಳೆಯ ರುಮಾಲು ಕಟ್ಟಿಕೊಂಡು, ಬಾಗಿಲು ಕಿಟಕಿಯೆಲ್ಲ ತೆರೆದು ಕೂತೆ.

ವಾಸನೆ ಬರಲಿಲ್ಲ.

ಪೆಟ್ಟಿಗೆ ಮುಟ್ಟಿದರೆ ಕೈ ಸುಡುತ್ತಿತ್ತು. ಬಾಗಿಲು ತೆರೆದು ಮುಖ ಒಡ್ಡಿದೆ. ಕಣ್ಣು ಉರಿಯಿತು, ಗಂಟಲು ಕೆರೆಯಿತು, ಮೂಗಿಗೆ ಮಾತ್ರ ಏನೂ ಇಲ್ಲ. ವಾರ್ನಿಷ್ ಹಳೆಯದಾಗಿ ಕೆಟ್ಟಿತೇನೋ ಅಂದುಕೊಂಡೆ. ಅಡುಗೆಮನೆಗೆ ಓಡಿ ಈರುಳ್ಳಿ ಹೆಚ್ಚಿ ಮೂಸಿದೆ. ಕಣ್ಣಲ್ಲಿ ನೀರು ಬಂತೇ ಹೊರತು ಅದಕ್ಕೂ ವಾಸನೆಯಿಲ್ಲ. ಆಗ ತಿಳಿಯಿತು. ಚಳಿಗಾಲದ ಜ್ವರ ಇಬ್ಬರನ್ನೂ ಹಿಡಿದಿತ್ತು. ಅವನನ್ನು ಒಯ್ದು, ನನ್ನನ್ನು ಬಿಟ್ಟು, ಹೋಗುವಾಗ ನನ್ನ ಮೂಗನ್ನು ಕಿತ್ತುಕೊಂಡು ಹೋಗಿತ್ತು. ಅಂದಿನಿಂದ ಚಹಾ ಬರೀ ಬಿಸಿನೀರು, ರೊಟ್ಟಿ ಬರೀ ಮಣ್ಣು. ದುಃಖ ಅಂದರೆ ಹೀಗೇ ಇರುತ್ತದೆ ಅಂದುಕೊಂಡಿದ್ದೆ.

ಈಗ ವಾಸನೆ ಎದ್ದಿದೆಯೋ ಇಲ್ಲವೋ? ಯಾರನ್ನು ಕೇಳಲಿ? ನನ್ನ ಮನೆಯಲ್ಲಿ ಕೇಳಲು ಒಂದು ಬೆಕ್ಕೂ ಇರಲಿಲ್ಲ. ಅಂಗಳಕ್ಕೆ ಬಂದು ನಿಂತೆ.

ಬೇಲಿಯಾಚೆ ಸಾಯ್ರಕಾನ್ ರುಮಾಲಿನ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದಳು.

"ಏನಕ್ಕ ಇದು ದರಿದ್ರ ನಾತ? ಮಕ್ಕಳು ಊಟ ಬಿಟ್ಟು ಎದ್ರು."

"ನಿಜವಾಗ್ಲೂ ಬರ್ತಿದೆಯಾ?"

"ಬರ್ತಿದೆಯಾ ಅಂತೆ. ಆ ಗುಡ್ಡದ ಮೇಲಿನ ಗೋರಿಗಳ ತನಕ ನಾರ್ತಿದೆ."

"ಇನ್ನೊಂದ್ಸಲ ಹೇಳೇ."

ಅವಳು ಬೈಯಲು ಬಾಯಿ ತೆರೆದವಳು ನನ್ನ ಮುಖ ನೋಡಿ ತಡೆದುಕೊಂಡಳು. ಮೂಗಿನ ಮೇಲಿನ ಬಟ್ಟೆ ಇಳಿಸಿ, ಗುಡ್ಡದ ಕಡೆ ತಿರುಗಿ, ಕೆಮ್ಮು ಬಂದರೂ ಬಿಡದೆ ಉದ್ದಕ್ಕೆ ಉಸಿರೆಳೆದುಕೊಂಡಳು.

"ಅಲ್ಲೀತನಕ ಹೋಗಿದೆ, ಬುರುಲಕ್ಕ," ಎಂದಳು. "ಗಾಳಿ ಆ ಕಡೆಗೇ ಇದೆ."

ನಾನು ಬೇಲಿ ಹಿಡಿದುಕೊಂಡು ಅತ್ತೆ. ಅವನಿಗೆ ಮುಟ್ಟಿತು, ನನಗೆ ಮುಟ್ಟಲಿಲ್ಲ.