ದಿವ್ಯಳ ಎರಡು ಟಬ್ಬು

ಇವರ ಗಡಿಯಾರಕ್ಕೆ ಬೆಂಕಿ ಬೀಳ! ಹತ್ತು ಗಂಟೆಗೆ ಬರುತ್ತೇನೆಂದ ಮುಖ್ಯ ಅತಿಥಿ ಒಂದೂವರೆಯಾದರೂ ಪತ್ತೆಯಿರಲಿಲ್ಲ. ತೊಂಬತ್ತೆಂಟರ ಫೆಬ್ರವರಿ, ಜೀವನ್ ಬಿಮಾ ನಗರದ ಶಾಲೆಯೊಂದರಲ್ಲಿ ವಿಜ್ಞಾನ ಪ್ರದರ್ಶನ. ಗೆದ್ದ ಒಬ್ಬರನ್ನು ಮಾತ್ರ ಮೈಸೂರಿನ ರಾಜ್ಯಮಟ್ಟದ ಪ್ರದರ್ಶನಕ್ಕೆ ಕಳಿಸುತ್ತಾರೆ. ನನ್ನ ಅಕ್ಕನ ಮಗಳು ದಿವ್ಯ, ಒಂಬತ್ತನೇ ಕ್ಲಾಸು, ಮೂರು ತಿಂಗಳಿಂದ ಅದೊಂದೇ ಜಪ ಮಾಡುತ್ತಿದ್ದಳು.

ಅವಳು ಸಿದ್ಧಪಡಿಸಿದ್ದು ಎರಡು ಟಬ್ಬು ನೀರು. ಒಂದರಲ್ಲಿ ಐಸು ತೇಲುತ್ತದೆ. ಇನ್ನೊಂದರ ನಡುವೆ ಕಗ್ಗದಾಸಪುರದ ನಮ್ಮ ಹಿತ್ತಲಿನ ಕಲ್ಲು, ಅದರ ಮೇಲೆ ಐಸು, ನೀರಿಗಿಂತ ಕೊಂಚವೇ ಮೇಲೆ ಕಲ್ಲಿಗೆ ಅಂಟಿಸಿದ ರಟ್ಟಿನ ಮನೆಗಳು. ಆ ಕಲ್ಲೇ ಗ್ರೀನ್‌ಲ್ಯಾಂಡು, ಅಂಟಾರ್ಕ್ಟಿಕಾ. ತೇಲುವ ಐಸು ಕರಗಿದರೆ ನೀರು ಏರುವುದಿಲ್ಲ. ನೆಲದ ಮೇಲಿನದು ಕರಗಿ ಇಳಿದರೆ ಸಮುದ್ರ ಏರುತ್ತದೆ, ದಡದ ಊರುಗಳು ಮುಳುಗುತ್ತವೆ. ಕಾರ್ಖಾನೆಯಲ್ಲಿ ವಿಮಾನ ಜೋಡಿಸುವ ನನಗೂ ಇದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಐಸು ತಂದವನು ನಾನು. ರಜೆ ಹಾಕಿ, ಶಿವಾಜಿನಗರದ ಮೀನು ಮಾರುವವರಿಂದ ಕೊಂಡು, ಗೋಣಿಚೀಲದಲ್ಲಿ ಸುತ್ತಿ ಸ್ಕೂಟರಿನಲ್ಲಿ ತಂದೆ. ಒಂಬತ್ತೂವರೆಗೆ ಇಟ್ಟು, ನೀರಿನ ಮಟ್ಟಕ್ಕೆ ನೇಲ್ ಪಾಲಿಶ್‌ನಲ್ಲಿ ಗೆರೆ ಎಳೆದೆವು. ಹನ್ನೆರಡೂವರೆಗೆ ಐಸು ಒಂದು ಚೂರೂ ಉಳಿದಿರಲಿಲ್ಲ. ಒಂದು ಟಬ್ಬಿನ ನೀರು ಗೆರೆಯಲ್ಲೇ ನಿಂತಿತ್ತು. ಇನ್ನೊಂದರಲ್ಲಿ ಎರಡು ಬೆರಳು ಮೇಲೇರಿ ರಟ್ಟಿನ ಮನೆಗಳು ಮುಳುಗಿದ್ದವು.

ಇನ್ನೊಂದು ಐಸುಗಡ್ಡೆ ತರೋಣವೆಂದು ಹೊರಟರೆ ಗೇಟಿಗೆ ಬೀಗ. ಅತಿಥಿಗಳು ಬರುವಾಗ ಯಾರೂ ಅಡ್ಡ ಬರಬಾರದಂತೆ! ಹೆಡ್‌ಮಾಸ್ಟರನ್ನು ಬೇಡಿಕೊಂಡೆ. ಹಾರ ಬಾಡದಂತೆ ನೀರು ಚಿಮುಕಿಸುವುದರಲ್ಲಿದ್ದ ಆ ಮಹಾನುಭಾವ ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರ ಬಗ್ಗೆ ಕೇಳಿದ್ದೆ. ಅವತ್ತು ಕಣ್ಣಾರೆ ನೋಡಿದೆ.

ಒಂದೂ ಮುಕ್ಕಾಲಿಗೆ ಅತಿಥಿಗಳು ದಯಮಾಡಿಸಿದರು. ಹಾರ, ಬಾದಾಮಿ ಹಾಲು, ಭಾಷಣ ಎಲ್ಲ ಆಯಿತು. ಅಂಕ ಕೊಡುವವರೂ ಅವರೇ. ದಿವ್ಯಳ ಮೇಜಿನ ಮುಂದೆ ನಿಂತು, ಬರೀ ನೀರಿಟ್ಟಿದ್ದೀಯಲ್ಲ, ಐಸು ಎಲ್ಲಿ ಎಂದು ಕೇಳಿದರು. ಕರಗಿತು ಎಂದಳು. ಅವರು ನಕ್ಕು, ಕೈಯಲ್ಲಿದ್ದ ಹಾಳೆಯಲ್ಲಿ ‘ಪ್ರಯೋಗ ತೋರಿಸಿಲ್ಲ’ ಎಂದು ಬರೆದು ಸೊನ್ನೆ ಸುತ್ತಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ತಿಂಗಳ ಆಸೆಗೆ ಮೂರು ನಿಮಿಷವೂ ಕೊಡದ ಮನುಷ್ಯ! ನಾನು ಬಾಯಿ ತೆರೆಯುವಷ್ಟರಲ್ಲಿ ದಿವ್ಯ ನನ್ನ ಕೈ ಹಿಡಿದು ತಡೆದಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ನಡುಗಲಿಲ್ಲ.

“ಹತ್ತು ಗಂಟೆಗೆ ಬಂದಿದ್ರೆ ಐಸ್ ನೋಡ್ಬೋದಿತ್ತು ಸಾರ್. ಈಗ ಬಂದಿದೀರ, ಮುಳುಗಿರೋ ಮನೆ ನೋಡ್ಕೊಂಡು ಹೋಗಿ.”