ಕೊಸರಿಲ್ಲದ ಮನೆ

“ಕೊಸರೇನು ಕೊಡ್ತೀರಿ?” ಎಂದು ವೈಜನಾಥ ಕೇಳಿದಾಗ ಮೇಜಿನಾಚೆಯ ಹುಡುಗಿ ಪಕ್ಕನೆ ನಕ್ಕಳು. ಕೋಠಿ ಪೇಟೆಯ ತನ್ನ ಅಂಗಡಿಯಲ್ಲಿ ಬಟ್ಟೆ ಅಳೆದ ಮೇಲೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿ ಹಾಕುವುದು ಅವನ ರೂಢಿ. ತಾನು ಕೊಳ್ಳಲು ಹೋದಲ್ಲೂ ಕೊಸರು ಕೇಳದೆ ಬಿಡುವವನಲ್ಲ. ಕೊತ್ತಂಬರಿಯಾದರೇನು, ದುಬೈನ ಫ್ಲ್ಯಾಟಾದರೇನು!

ಅದೇ ನಗರದ ಕೊಂಡಾಪುರದ ಹೋಟೆಲಿನಲ್ಲಿ ದುಬೈ ಮನೆಗಳ ಪ್ರದರ್ಶನ ನಡೆದಿತ್ತು. ಹೊರದೇಶದವರೂ ಅಲ್ಲಿ ಮನೆ ಕೊಳ್ಳಬಹುದೆಂದು ಪೇಪರಿನಲ್ಲಿ ಓದಿದಂದಿನಿಂದ ವೈಜನಾಥನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಹರೆಯವನ್ನೆಲ್ಲ ಅಲ್ಲಿಯ ಬಟ್ಟೆ ಅಂಗಡಿಯೊಂದರಲ್ಲಿ ಥಾನು ಬಿಚ್ಚಿ ಮಡಚುತ್ತ ಕಳೆದವನು. ಹೊಸ ಹೆಂಡತಿ ಅಂಬವ್ವನನ್ನೂ ಕೆಲಕಾಲ ಕರೆದೊಯ್ದಿದ್ದ. ಊರೊಳಕ್ಕೆ ನುಗ್ಗಿ ಬಂದ ಸಮುದ್ರದ ದಂಡೆಗೆ ಅವರ ಒಂದೇ ಕೋಣೆಯ ಬಾಡಿಗೆ ಮನೆ. ಸಂಜೆ ದೀಪ ಹಚ್ಚಿಕೊಂಡು ದಾಟುವ ದೋಣಿಗಳನ್ನು ಇಬ್ಬರೂ ಕಿಟಕಿಗೆ ಆತು ನೋಡುತ್ತಿದ್ದರು. ಈಚೆಗೆ ಆ ಸಂಜೆಗಳು ಅವನನ್ನು ಬಿಟ್ಟೂಬಿಡದೆ ಕಾಡುತ್ತಿದ್ದವು.

ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ತಾವಿರುವ ಕುಷಾಯಿಗೂಡದ ಮನೆ ಮಾರಿ, ಅಲ್ಲಿಗೇ ಹೋಗಿ ನೆಲೆಸುವುದೆಂದು ಅವನ ಹಟ. ಮನೆ ಕೊಳ್ಳುವ ಗಿರಾಕಿ ಮರುದಿನವೇ ಮುಂಗಡ ಹಿಡಿದು ಬರುವವನಿದ್ದ. ಊರಿಗೆ ಮರಳಿದ ಅಂಬವ್ವ, ಗಂಡ ಕಳಿಸಿದ ದುಡ್ಡಿನಲ್ಲಿ ಬಿಸಿಲಲ್ಲಿ ನಿಂತು, ಗೌಂಡಿಗಳೊಡನೆ ಜಗಳಾಡಿ ಕಟ್ಟಿಸಿದ ಮನೆ ಅದು. ಅದಕ್ಕೇ ಅವಳು ಕೆಲವು ದಿನಗಳಿಂದ ಗಂಡನ ಜೊತೆ ಮಾತು ಬಿಟ್ಟಿದ್ದಳು. ಇಂದು ಜೊತೆಗೆ ಬಂದದ್ದೂ ಅವನ ಮೇಲೆ ಕಣ್ಣಿಡಲಿಕ್ಕೆ.

ಹುಡುಗಿಯ ಹೆಸರು ಮಂದಾಕಿನಿ, ಹುಮನಾಬಾದಿನವಳು. “ಕಾಕಾ, ಅಲ್ಲಿ ಕೊಸರು ನಾವಽ ಕೊಡಬೇಕ್ರಿ. ಮನಿ ಕಿಮ್ಮತ್ತಿನ ಮ್ಯಾಲ ಸರ್ಕಾರದ ರಿಜಿಸ್ಟ್ರಿ ಬ್ಯಾರೆ, ದಲಾಲಿ ಬ್ಯಾರೆ. ಆಮ್ಯಾಲ ಲಿಫ್ಟು, ಕಸ, ಕಾವಲಿ ಅಂತ ವರ್ಷಾ ಫುಟ್ಟಿನ ಲೆಕ್ಕದಾಗ ಕಟ್ಟಬೇಕು.”

“ಮನಿ ಟ್ಯಾಕ್ಸು?”

“ಹಂಗಂತ ಬ್ಯಾರೆ ಕೇಳಂಗಿಲ್ರಿ. ಕರೆಂಟ್ ಬಿಲ್ಲಿನಾಗಽ ಸೇರಿಸಿ ಕಳಸ್ತಾರ.”

ಅಂಬವ್ವನಿಗೆ ತಡೆಯಲಾಗಲಿಲ್ಲ. “ವರ್ಷಾ ಕೊಡೂದು ತಪ್ಪಂಗಿಲ್ಲ ಅಂದ್ರ ಅದು ಬಾಡಿಗಿ ಅಲ್ಲೇನವ್ವ?”

“ಎಷ್ಟರ ಹತ್ತಲಿ ಬಿಡು!” ಎಂದ ವೈಜನಾಥ. ನಕಾಶೆಯನ್ನು ತನ್ನತ್ತ ಎಳೆದುಕೊಂಡು ಕಣ್ಣು ಕಿರಿದು ಮಾಡಿ ಹುಡುಕಿದ. “ನೋಡವ್ವ, ಇಲ್ಲಿ. ಹಳೇ ಬಟ್ಟಿ ಬಜಾರದ ಹಿಂದ, ದಂಡಿಗೆ. ದೋಣಿ ಕಾಣೂ ಹಂಗ ಕಿಟಕಿ ಇರಬೇಕು. ಸಣ್ಣದಾದ್ರೂ ನಡೀತೈತಿ.”

ಮಂದಾಕಿನಿಯ ನಗು ಇಳಿಯಿತು. “ಅಲ್ಲಿ ನಮ್ಮಂಥೋರಿಗೆ ಮಾರಂಗಿಲ್ಲ ಕಾಕಾ. ಕಾಯ್ದೆನಽ ಇಲ್ಲ. ನಮಗ ಕೊಡೂದು ಈ ಹೊಸಾ ಜಾಗದಾಗ.” ಅವಳ ಬೆರಳು ಊರು ದಾಟಿ, ಮರಳು ದಾಟಿ ನಕಾಶೆಯ ಅಂಚಿಗೆ ಹೋಗಿ ನಿಂತಿತು. “ಆ ಹಳೇ ದಂಡಿಗೆ ನೀವು ಎಷ್ಟು ಕೊಟ್ರೂ ಬರೇ ಬಾಡಿಗಿಗೆ ಇರಬೌದು.”

ವೈಜನಾಥ ಕನ್ನಡಕ ತೆಗೆದು ಒರೆಸಿದ, ಮತ್ತೆ ಒರೆಸಿದ. ಅಷ್ಟು ಜನರ ನಡುವೆ ಅವನಿಗೆ ಅಳು ಬಂದಂತಾಯಿತು.

ಹೊರಗೆ ಬಂದು ಗಿರಾಕಿಗೆ ಫೋನು ಮಾಡಿ, ನಾಳೆ ಬರುವುದು ಬೇಡವೆಂದ. ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿತು. ಮನೆ ಉಳಿದಿತ್ತು. ಆದರೆ ಅಂಬವ್ವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಅವಳೇ ಮೊದಲು ಮಾತು ತೆಗೆದಳು.

“ದೋಣಿ ಕಾಣೂ ಆ ಖೋಲಿ ಮಾರಾಕಿತ್ತಂದ್ರ, ಕುಷಾಯಿಗೂಡದ ಮನಿ ಕೊಟ್ಟುಬಿಡ್ರಿ ಅಂತ ನಾನಽ ಅಂತಿದ್ದೆ.”

ಹೇಳಿದ್ದು ಪಿಸುದನಿಯಲ್ಲಿ. ಹಲಗೆಯ ಅಡ್ಡಗೋಡೆಯಾಚೆ ಇನ್ನೊಂದು ಸಂಸಾರ ಮಲಗಿರುತ್ತಿದ್ದ ದುಬೈನ ಆ ದಿನಗಳಲ್ಲಿ ಅವಳು ಹಾಗೆಯೇ ಮಾತಾಡುತ್ತಿದ್ದಳು. ಸುತ್ತಲಿನವರೆಲ್ಲ ತೆಲುಗಿನಲ್ಲಿ ಗಲಗಲ ಮಾತಾಡುತ್ತಿದ್ದರು. ಇವರ ಮಾತು ಯಾರಿಗೂ ಬೇಕಿರಲಿಲ್ಲ. ಆದರೂ ವೈಜನಾಥ ಅವಳ ಕಿವಿಯ ಹತ್ತಿರ ಬಾಗಿ, ಅಷ್ಟೇ ಮೆಲ್ಲಗೆ ಕೇಳಿದ:

“ಖರೇನ?”

ಅಂಬವ್ವ ಕಿಟಕಿಯ ಕಡೆ ಸರಿದು ಅವನಿಗೆ ಇನ್ನಷ್ಟು ಜಾಗ ಮಾಡಿಕೊಟ್ಟಳು.