ಎದೆಯ ಓಟ

"ಅವರು ಬಂದು ಕೊಟ್ರ ನುಂಗ್ತೇನಿ," ಎಂದು ಅಂಜನಾ ಮುಖವನ್ನು ಗೋಡೆಯತ್ತ ತಿರುಗಿಸಿದಳು.

ತಾಯಿ ರಾಮವ್ವನ ಅಂಗೈಯ ಬೆವರಿಗೆ ಗುಳಿಗೆ ಅಂಟಿಕೊಂಡಿತ್ತು. ಬಾಗಲಕೋಟೆಯ ಈ ದವಾಖಾನೆಗೆ ಬಂದಾಗಿನಿಂದ ಅವಳು ಕಲಿತದ್ದು ಮಗಳಿಗೆ ಗುಳಿಗೆ ನುಂಗಿಸುವುದು ಮತ್ತು ಸುಳ್ಳು ಹೇಳುವುದು. ಅಮೀನಗಡದಲ್ಲಿ ಗಂಡ ಹೆಂಡತಿ ಕರದಂಟು ಮಿಠಾಯಿಗೆಂದು ತುಪ್ಪದಲ್ಲಿ ಅಂಟು ಹುರಿಯುತ್ತಿದ್ದಾಗ ಗ್ಯಾಸಿನ ಪೈಪಿಗೆ ಬೆಂಕಿ ಹತ್ತಿತ್ತು. ಅಳಿಯ ನಿಂಗರಾಜ ಹೆಂಡತಿಯನ್ನು ಹೊರಗೆ ನೂಕಿದ. ತಾನು ಹೊರಬರುವಷ್ಟರಲ್ಲಿ ಪೂರ್ತಿ ಸುಟ್ಟುಹೋಗಿದ್ದ. ಮರುದಿನ ತೀರಿಕೊಂಡ. ಅಂಜನಾಳಿಗೆ ಎಚ್ಚರ ಬಂದಾಗ ರಾಮವ್ವ, "ಕೆಳಗಿನ ವಾರ್ಡಿನ್ಯಾಗ ಅದಾನ, ಕಾಲು ಸುಟ್ಟಾವು, ನಡಿಯಾಕ ಬರೂದಿಲ್ಲ," ಎಂದಿದ್ದಳು. ಆ ಮಾತನ್ನು ನಂಬಿಯೇ ಮಗಳು ಇಷ್ಟು ದಿನ ಗುಳಿಗೆಗೆ ಬಾಯಿ ತೆರೆದಿದ್ದಳು.

ಗುಳಿಗೆ ಎದೆಯ ಬಡಿತ ತಗ್ಗಿಸುವುದಕ್ಕೆ ಎಂದು ತಿಳಿದಾಗ ರಾಮವ್ವ ಹೆದರಿದ್ದಳು. "ಸುಟ್ಟದ್ದು ತೊಗಲ್ರಿ, ಎದಿಗ್ಯಾಕ ಔಷಧ?" ಎಂದು ಕೇಳಿದ್ದಳು.

"ಭಾಳ ಸುಟ್ಟ ಮೈ ಒಳಗ ಓಡಿಕೋತನ ಇರತೈತವಾ," ಎಂದಿದ್ದರು ಡಾಕ್ಟರು. "ಉಂಡದ್ದು ಸಾಲದ ತನ್ನ ಮಾಂಸಾನ ತಾನ ತಿಂತೈತಿ. ಈ ಗುಳಿಗಿ ಆ ಓಟ ತಗ್ಗಸ್ತೈತಿ. ತಪ್ಪಿಸಬ್ಯಾಡ."

ಅದು ಖರೆಯೆಂದು ರಾಮವ್ವನಿಗೆ ಕಣ್ಣಿಗೇ ಕಾಣುತ್ತಿತ್ತು. ಬ್ಯಾಂಡೇಜಿನ ಹೊರಗೆ ಉಳಿದ ಮಗಳ ರಟ್ಟೆ ಮೇವಿಲ್ಲದ ಆಡಿನ ಕಾಲಿನಂತಾಗಿತ್ತು.

"ನಿನ್ನಿಯಿಂದ ನುಂಗಿಲ್ಲ, ಎದಿ ಮತ್ತ ಓಡಾಕ ಹತ್ತೈತಿ," ಎಂದಳು ನರ್ಸ್ ಸಾಜಿಯಾ, ಯಂತ್ರದ ಅಂಕಿ ನೋಡುತ್ತ. "ಮೂಗಿನ್ಯಾಗ ನಳಿಕಿ ಹಾಕಬೇಕಾಗತೈತಿ ನೋಡವಾ."

"ಹಾಕ್ರಿ. ಹಲ್ಲಿನಿಂದಾದ್ರೂ ಕಿತ್ತೊಗಿತೇನಿ. ಅವರನ್ನ ಗಾಲಿ ಕುರ್ಚಿ ಮ್ಯಾಲೆ ಕರಕೊಂಡ ಬರ್ರಿ."

ಸಾಜಿಯಾ ರಾಮವ್ವನ ಮುಖ ನೋಡಿದಳು. ರಾಮವ್ವ ಇನ್ನೊಂದು ಸುಳ್ಳು ಹುಡುಕಿದಳು. ಸಿಗಲಿಲ್ಲ.

"ಅವ ಇನ್ನಿಲ್ಲ ಮಗಳ," ಎಂದಳು. "ಮರುದಿನಾನ ಹ್ವಾದ."

ಯಂತ್ರ ಕೂಗತೊಡಗಿತು. ಸಾಜಿಯಾ ಅದರ ಸದ್ದು ಅಡಗಿಸಿ ಅಂಜನಾಳ ಹಣೆಯ ಮೇಲೆ ಕೈಯಿಟ್ಟಳು. ಅಂಜನಾ ಅಳಲಿಲ್ಲ, ಗೋಡೆಯಿಂದ ತಾಯಿಯತ್ತ ಮುಖ ತಿರುಗಿಸಿದಳು.

"ಮಣ್ಣು ಎಲ್ಲಿ ಕೊಟ್ರಿ?"

"ನಿಮ್ಮ ಹೊಲದಾಗ. ಅವರಪ್ಪನ ಬಾಜೂಕ."

"ನೀ ಹೋಗಿದ್ದೇನು?"

"ನಿನ್ನ ಬಿಟ್ಟು ಹೆಂಗ ಹೋಗ್ಲಿ?"

"ಒಮ್ಮಿಯರ ಅತ್ತಿದ್ದೇನು?"

ರಾಮವ್ವ ಗುಳಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದಳು. "ಅಳಾಕ ಎಲ್ಲಿ ಬಿಟ್ಟಿ? ನಿನ್ನ ಮುಂದ ನಗಬೇಕಿತ್ತಲ್ಲ."

"ಈಗ ಅಳು," ಎಂದಳು ಅಂಜನಾ. "ನನ್ನ ಕಣ್ಣಾಗ ನೀರ ಬರವಲ್ದು. ನೀನರ ಅಳು."

ರಾಮವ್ವ ಬೇಡವೆಂದು ತಲೆಯಾಡಿಸಿದಳು. ಆದರೂ ಅಳು ತಡೆಯಲಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡು ಮಂಚದ ಕಂಬಿಗೆ ಹಣೆ ಹಚ್ಚಿದಳು. ಅವಳ ಬೆನ್ನು ನಡುಗುವುದನ್ನು ಅಂಜನಾ ಬಹಳ ಹೊತ್ತು ನೋಡಿದಳು. ಸಂತೈಸಲು ಎತ್ತಿದ ಕೈ ಬ್ಯಾಂಡೇಜಿನ ಭಾರಕ್ಕೆ ಹಾಸಿಗೆಯ ಮೇಲೇ ಬಿತ್ತು.

ಆಮೇಲೆ ಅವಳು ಸಾಜಿಯಾಳ ಕಡೆ ತಿರುಗಿ ಬಾಯಿ ತೆರೆದಳು.

ಸಾಜಿಯಾ ರಾಮವ್ವನ ಮುಷ್ಟಿ ಬಿಡಿಸಿ ಗುಳಿಗೆ ತೆಗೆದುಕೊಂಡು ಅಂಜನಾಳ ನಾಲಿಗೆಯ ಮೇಲಿಟ್ಟಳು. ಚಮಚದಿಂದ ನೀರು ಬಿಟ್ಟಳು. ಅರ್ಧ ಕಟಬಾಯಿಯಿಂದ ಇಳಿದು ದಿಂಬನ್ನು ತೋಯಿಸಿತು. ಇನ್ನೊಂದು ಚಮಚ ಬಿಟ್ಟಾಗ ಅಂಜನಾಳ ಗಂಟಲು ಒಮ್ಮೆ ಮೇಲೆದ್ದು, ಮೆಲ್ಲಗೆ ಇಳಿಯಿತು.